ಮಾತು ಕೂತ ಸೀಡಿ

ಕಣ್ಣು ಕಾಣದವಳಿಗೆ ಸಿನಿಮಾ ಯಾಕೆ, ಅದರಲ್ಲೂ ದುಡ್ಡು ಸುರಿದು ಸೀಡಿ ಕೊಳ್ಳುವುದು ಯಾಕೆ ಎಂದು ನನ್ನನ್ನು ಕೇಳದವರು ನಮ್ಮೂರಿನಲ್ಲಿ ಕಡಿಮೆ. ಹಾಲು ಹಾಕುವವನು ಕೇಳಿದ್ದಾನೆ, ಜನಗಣತಿಗೆ ಬಂದ ಹುಡುಗಿ ಕೇಳಿದ್ದಾಳೆ, ನನ್ನ ಸೊಸೆ ವಿನುತಾ ಮದುವೆಯಾಗಿ ಬಂದ ವಾರದಲ್ಲೇ ಕೇಳಿದ್ದಳು. ಫೋನಿಗೆ ತಿಂಗಳಿಗೆ ಒಂದಿಷ್ಟು ಕಟ್ಟಿದರೆ ಬೇಕಾದ ಸಿನಿಮಾವೆಲ್ಲ ಮನೆಗೇ ಬರುತ್ತದೆ, ಒಂದು ಸೀಡಿಯ ಬೆಲೆಗೆ ಅಲ್ಲಿ ಎಷ್ಟೋ ತಿಂಗಳು ನೋಡಬಹುದು ಎಂದು ಅವಳ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅವಳು ಬೇರೆ ಊರಿನಿಂದ ಬಂದವಳು. ಅವಳ ತವರಿನ ಸೀಡಿಗಳಲ್ಲಿ ನೋಡಿದವರ ಮಾತು ಕೂರುವುದಿಲ್ಲವಂತೆ. ಅದನ್ನು ಕೇಳಿ ನನಗೆ ಆ ಊರಿನವರ ಬಗ್ಗೆ ಪಾಪ ಅನಿಸಿತ್ತು.

ನಮ್ಮಲ್ಲಿ ಡಿವಿಡಿಗೂ ಸೀಡಿ ಅಂತಲೇ ಹೆಸರು. ಸೀಡಿ ಹಾಕಿ ಸಿನಿಮಾ ನೋಡುವಾಗ ಆ ಕೋಣೆಯಲ್ಲಿ ಯಾರು ಏನು ಆಡಿದರೂ ಅದು ಸೀಡಿಯಲ್ಲಿ ಕೂತುಬಿಡುತ್ತದೆ, ಮುಂದಿನ ಸಲ ಹಾಕಿದಾಗ ಸಿನಿಮಾದ ಜೊತೆ ಅದೂ ಕೇಳುತ್ತದೆ. ಫೋನಿನಲ್ಲಿ ಬರುವ ಸಿನಿಮಾಕ್ಕೆ ಈ ಗುಣವಿಲ್ಲ, ಅದು ಬಂದ ಹಾಗೆಯೇ ಹೋಗುತ್ತದೆ. ಸೀಡಿ ಅಂಗಡಿಯ ಕೊಟ್ರಪ್ಪ ಬಾಡಿಗೆಗೆ ಹೋಗಿ ಬಂದ ಪ್ರತಿ ಸೀಡಿಯನ್ನೂ ಹಾಕಿ ಕೇಳಿ, ಆಮೇಲೆ ಗೂಡಿಗೆ ಸೇರಿಸುತ್ತಾನೆ. ಎಲ್ಲಕ್ಕಿಂತ ಮೇಲಿನ ಗೂಡು ಶುದ್ಧ. ಅದರ ಕೆಳಗಿನದು ಕೆಮ್ಮು, ಆಕಳಿಕೆ. ಅದರ ಕೆಳಗೆ ಮಕ್ಕಳು. ನೆಲಕ್ಕೆ ತಾಗಿದ ಗೂಡಿಗೆ ಸಂಸಾರ ಎಂದು ಹೆಸರು. ಗಂಡ ಹೆಂಡಿರ ಜಗಳ, ನಾದಿನಿಯ ಮೇಲಿನ ದೂರು, ಸಾರಿಗೆ ಉಪ್ಪು ಜಾಸ್ತಿಯಾದ ವಿಚಾರ, ಎಲ್ಲ ಅದರಲ್ಲಿರುತ್ತವೆ. ಬೆಲೆ ಬಹಳ ಅಗ್ಗ. ಬೇಗ ಖಾಲಿಯಾಗುವುದೂ ಆ ಗೂಡೇ.

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ಸೀಡಿಯೊಂದನ್ನು ತರಿಸಿ ಕೇಳುವುದು ನಮ್ಮಲ್ಲಿ ರೂಢಿ. ಅಂಥ ಸೀಡಿ ತಯಾರಾಗುವ ದಿನ ಇಡೀ ಮನೆ ಸಾಲಾಗಿ ಕೂತು, ನೀರು ಬೇಕಾ ಅಮ್ಮ, ಬೇಡ ಕಣಪ್ಪ ನೀನು ಕುಡಿ, ಎಂದು ಹಾಲು ಸಕ್ಕರೆಯ ಹಾಗೆ ಮಾತಾಡಿಕೊಳ್ಳುತ್ತದೆ. ನನ್ನ ಮಗನ ಸಂಬಂಧ ನೋಡುವಾಗ ನಾವೂ ಒಂದು ಕಳಿಸಿದ್ದೆವು. ವಿನುತಾಳ ಅಪ್ಪ ಅದನ್ನು ಸಿಹಿಯ ಜೊತೆ ಬಂದ ಉಡುಗೊರೆ ಎಂದುಕೊಂಡು ಯಾರಿಗೋ ದಾನ ಮಾಡಿಬಿಟ್ಟರು. ನಾವು ಅಷ್ಟು ಕಷ್ಟಪಟ್ಟು ಒಳ್ಳೆಯವರಾಗಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇವರು, ಅಂದರೆ ನನ್ನ ಯಜಮಾನರು ವರದರಾಜು, ಪೇಟೆ ಬೀದಿಯ ಜವಳಿ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದವರು. ನನ್ನ ಕಣ್ಣು ಹುಟ್ಟಿನಿಂದ ಹೋದದ್ದಲ್ಲ. ಮಗ ಹುಟ್ಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮಬ್ಬಾಗುತ್ತ ಬಂದು, ಅವನು ಶಾಲೆಗೆ ಸೇರುವ ಹೊತ್ತಿಗೆ ಪೂರ್ತಿ ಆರಿಹೋಯಿತು. ಆಗ ನಾನು ಸಿನಿಮಾ ಬಿಟ್ಟೆ. ಬರಿಯ ಮಾತು ಕೇಳಿಕೊಂಡು ಕೂರುವುದು ಪಕ್ಕದ ಮನೆಯ ಗೋಡೆಗೆ ಕಿವಿ ಇಟ್ಟ ಹಾಗೆ, ಅದಕ್ಕಿಂತ ಅಡುಗೆಮನೆಯೇ ವಾಸಿ ಎಂದೆ. ಇವರು ಕೇಳಲಿಲ್ಲ. ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಕಂಡದ್ದನ್ನೆಲ್ಲ ಹೇಳತೊಡಗಿದರು.

ಇವರು ಹೇಳುವ ಚಂದವೇ ಬೇರೆ. ನಾಯಕನನ್ನು ಗೂಂಡಾಗಳು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಇವರ ಕಣ್ಣು ಮಹಡಿಯ ಮೇಲೆ ಒಣಗಲು ಹಾಕಿದ ಸೀರೆಯ ಮೇಲಿರುತ್ತಿತ್ತು. ಈರುಳ್ಳಿ ಸಿಪ್ಪೆ ಬಣ್ಣ ಕಣೆ ಪಂಕಿ, ಅಂಚು ಗೋಪುರದ್ದು, ಸೆರಗು ಸಾದಾ, ಎನ್ನುವರು. ಅವನು ಸತ್ತನೋ ಉಳಿದನೋ ಎಂದು ನಾನೇ ಕೇಳಬೇಕು. ಉಳಿದ ಉಳಿದ, ಅಂಗಿ ಮಾತ್ರ ಹರೀತು, ಒಳ್ಳೆ ಪಾಪ್ಲಿನ್ನು, ಎನ್ನುವರು. ಕೊಲೆಗಾರ ಯಾರೆಂಬುದು ನನಗೆ ಎಷ್ಟೋ ಸಿನಿಮಾಗಳಲ್ಲಿ ಇವತ್ತಿಗೂ ಗೊತ್ತಿಲ್ಲ, ಆದರೆ ಅವನ ಹೆಂಡತಿ ಉಟ್ಟದ್ದು ಗೊತ್ತು. ಬಣ್ಣ ನೋಡಿ ಬಲ್ಲವಳಾದ್ದರಿಂದ ಇವರು ಮೆಂತ್ಯ ಬಣ್ಣ ಎಂದರೆ ನನ್ನೊಳಗೆ ಮೆಂತ್ಯ ಬಣ್ಣವೇ ಹತ್ತಿಕೊಳ್ಳುತ್ತಿತ್ತು. ನನ್ನ ಕಣ್ಣು ಹೋದ ಮೇಲೂ ಲೋಕ ಬೂದಿಯಾಗಲಿಲ್ಲ ಎಂದರೆ ಅದು ಇವರ ಬಾಯಿಂದ.

ಮೊದಮೊದಲು ಬಾಡಿಗೆಗೆ ತರುತ್ತಿದ್ದೆವು. ಕೊಟ್ರಪ್ಪ ಕೈ ಮುಗಿದ. ನಿಮ್ಮ ಮನೆಗೆ ಹೋಗಿ ಬಂದ ಸೀಡಿ ನೇರ ನೆಲದ ಗೂಡಿಗೆ ಬೀಳುತ್ತದೆ, ಮಾತಾಡಲೇಬೇಕು ಅಂದರೆ ಸ್ವಂತಕ್ಕೆ ಕೊಂಡುಕೊಳ್ಳಿ ಎಂದ. ಹೀಗೆ ಕೊಳ್ಳುವುದು ಶುರುವಾಯಿತು. ಇವರ ಸಂಬಳಕ್ಕೆ ಅದು ಸಣ್ಣ ಖರ್ಚೇನಲ್ಲ, ಒಂದು ಸೀಡಿ ಬಂದ ತಿಂಗಳು ಮನೆಯಲ್ಲಿ ಒಗ್ಗರಣೆಗೂ ಎಣ್ಣೆ ಅಳೆದು ಹಾಕುತ್ತಿದ್ದೆ. ಕೊಂಡದ್ದನ್ನು ಮತ್ತೆ ಮತ್ತೆ ಹಾಕುತ್ತಿದ್ದೆವು, ಇವರು ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದರು. ಅದರ ಫಲ ಏನಾಯಿತೆಂದರೆ ಇವರ ಮಾತಿನ ಮೇಲೆ ಇವರದೇ ಮಾತು ಕೂತು ಕೂತು, ಕೊನೆಗೆ ಸೀಡಿ ಹಾಕಿದರೆ ನನಗೆ ನಾಲ್ಕೈದು ಮಂದಿ ಗಂಡಂದಿರು ಒಟ್ಟಿಗೆ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಒಬ್ಬ ಕಂದು ಎಂದರೆ ಇನ್ನೊಬ್ಬ ಅಲ್ಲ, ಬೆಲ್ಲದ ಬಣ್ಣ ಎನ್ನುತ್ತಿದ್ದ. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು, ಆ ನಗೆಯೂ ಹೋಗಿ ಅದರಲ್ಲೇ ಕೂರುತ್ತಿತ್ತು. ಹೀಗೆ ಮನೆಯ ಸೀಡಿಗಳೆಲ್ಲ ಒಂದೊಂದಾಗಿ ಕಲಸುಮೇಲೋಗರವಾದವು.

ಒಂದು ಮಾತ್ರ ಹಾಗಾಗಲಿಲ್ಲ. ದೋಣಿ ನಡೆಸುವ ಹೆಂಗಸೊಬ್ಬಳ ಕಥೆ ಅದು. ಅವಳ ಗಂಡ ಹೊಳೆಯಾಚೆಯ ಊರಿಗೆ ದುಡಿಯಲು ಹೋದವನು ತಿರುಗಿ ಬಂದಿರುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಹೊಳೆ ಸಿನಿಮಾ ಎನ್ನುತ್ತಿದ್ದೆವು. ಇವರು ಅದನ್ನು ಒಂದೇ ಸಲ ಹೇಳಿದ್ದು. ಇನ್ನೊಮ್ಮೆ ಹೇಳಿ ಎಂದರೆ, ಅದು ಒಂದು ಸಲಕ್ಕೇ ಸಾಕು ಕಣೆ, ಎಂದು ಎದ್ದು ಹೋಗುತ್ತಿದ್ದರು. ನಾನೂ ಹಟ ಮಾಡಲಿಲ್ಲ. ಇವರು ಪಕ್ಕದಲ್ಲೇ ಇರುವಾಗ ಸೀಡಿಯಲ್ಲಿರುವ ಇವರನ್ನು ಯಾರು ಕೇಳುತ್ತಾರೆ, ಇವತ್ತಲ್ಲ ನಾಳೆ ಹಾಕಿದರಾಯಿತು ಎಂದುಕೊಂಡಿದ್ದೆ.

ಹೋದ ವರ್ಷ ಇವರ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಪೂರ್ತಿ ಹೋಯಿತು. ಆಪರೇಷನ್ನಿಗೆ ಮುಂಚೆ ಡಾಕ್ಟರು ಸ್ವಲ್ಪವಾದರೂ ಉಳಿಯಬಹುದು ಎಂದಿದ್ದರು. ಉಳಿಯಲಿಲ್ಲ. ಇವರು ಮನೆಗೆ ಬಂದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿಸಿದೆ, ಆ ಸಂತೋಷ ಸುಳ್ಳಲ್ಲ. ಆದರೆ ನನ್ನ ಕಷ್ಟವನ್ನೂ ಹೇಳಬೇಕಲ್ಲ. ಕಣ್ಣಿದ್ದವರಿಗೆ ಮಾತಾಡದ ಗಂಡ ಎದುರಿಗೆ ಕೂತಿರುತ್ತಾನೆ. ನನಗೆ ಎದುರಿಗೆ ಯಾರೂ ಇರಲಿಲ್ಲ. ಇವರು ನನ್ನ ಅಂಗೈ ಮೇಲೆ ಬೆರಳಿಂದ ತಟ್ಟಿ ಹೌದು, ಅಲ್ಲ, ನೀರು, ಊಟ ಎಂದು ಹೇಳುವುದನ್ನು ರೂಢಿ ಮಾಡಿಕೊಂಡರು. ಬದುಕಿಗೆ ಅಷ್ಟು ಸಾಕು. ಈರುಳ್ಳಿ ಸಿಪ್ಪೆ ಬಣ್ಣವನ್ನು ಅಂಗೈ ಮೇಲೆ ಹೇಗೆ ತಟ್ಟುವುದು?

ಆಗ ನನಗೆ ಹೊಳೆ ಸಿನಿಮಾ ನೆನಪಾಯಿತು. ಇವರ ದನಿ ಮೊದಲಿನ ಹಾಗೆ ಸ್ವಚ್ಛವಾಗಿ, ಒಂದರ ಮೇಲೊಂದು ಬೀಳದೆ, ಶುರುವಿನಿಂದ ಕೊನೆಯವರೆಗೆ ಇರುವುದು ಅದೊಂದರಲ್ಲೇ. ವಿನುತಾಳನ್ನು ಕರೆದು ಸೀಡಿ ಹಾಕಮ್ಮ ಎಂದೆ. ಇವರನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಸಿನಿಮಾ ಶುರುವಾಯಿತು. ಹೊಳೆಯ ಸದ್ದು ಬಂತು, ಹುಟ್ಟು ಹಾಕುವ ಸದ್ದು ಬಂತು, ಹಕ್ಕಿಗಳು ಕೂಗಿದವು. ನೀರಿನ ಪ್ರತಿ ಹನಿಯೂ ಕೇಳುವಷ್ಟು ಸ್ವಚ್ಛ. ಇವರ ದನಿ ಬರಲಿಲ್ಲ. ಇನ್ನೇನು ಬರುತ್ತದೆ ಎಂದು ಕಾದೆ. ಒಂದು ಹಾಡು ಮುಗಿಯಿತು, ಬರಲಿಲ್ಲ. ಇದು ಬೇರೆ ಸೀಡಿ ಇರಬೇಕು ನೋಡು ಎಂದೆ. ವಿನುತಾ ಬಳೆ ಸದ್ದು ಮಾಡುತ್ತ ಸೀಡಿಯನ್ನು ಹೊರತೆಗೆದು ನೋಡಿ, ಸಿನಿಮಾ ಅದೇ ಅತ್ತೆ, ಯುಗಾದಿಗೆ ನಾನೇ ಸೀಡಿ ಬದಲಾಯಿಸಿದ್ದೆ ಎಂದಳು.

ನಮ್ಮೂರಿನಲ್ಲಿ ಯುಗಾದಿಗೆ ಹೊಸ ಬಟ್ಟೆ ತರುವ ಹಾಗೆ, ಮಾತು ಕೂತ ಹಳೆಯ ಸೀಡಿಯನ್ನು ಅಂಗಡಿಗೆ ಕೊಟ್ಟು ಅದೇ ಸಿನಿಮಾದ ಶುದ್ಧ ಸೀಡಿಯನ್ನು ತಂದು ಹಿರಿಯರಿಗೆ ಕೊಡುವ ಪದ್ಧತಿಯಿದೆ. ಹಳೆಯ ವರ್ಷದ ಜಗಳ ಹಳೆಯ ವರ್ಷಕ್ಕೇ ಹೋಗಲಿ ಎಂದು. ಇವರ ಗಂಟಲಿನ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲದ ಆ ಯುಗಾದಿಯಲ್ಲಿ ವಿನುತಾ, ನಮ್ಮೂರಿನ ಸೊಸೆಯಂದಿರು ಮಾಡುವುದನ್ನೆಲ್ಲ ತಾನೂ ಮಾಡಬೇಕೆಂದು, ಹೊಳೆ ಸಿನಿಮಾವನ್ನು ಕೊಟ್ಟು ಶುದ್ಧವಾದದ್ದನ್ನು ತಂದಿಟ್ಟಿದ್ದಳು. ಹಬ್ಬದ ಗಡಿಬಿಡಿಯಲ್ಲಿ ನನಗೆ ಹೇಳಲು ಮರೆತಿದ್ದಳು. ಮಾವ ದಿನವಿಡೀ ಮನೆಯಲ್ಲಿ ಮಾತಾಡಿಕೊಂಡೇ ಇದ್ದರಲ್ಲ, ಅವರ ಮಾತಿಗೆ ಬರ ಬರುತ್ತದೆಂದು ಆಗ ಯಾರು ಅಂದುಕೊಂಡಿದ್ದರು?

ನಾನೇನು ದೊಡ್ಡ ಮನಸ್ಸಿನವಳಲ್ಲ. ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವಳು ಅತ್ತಳು, ನಾನೂ ಅತ್ತೆ. ಇವರು ನನ್ನ ಕೈ ಹಿಡಿದು ಬಿಡು, ಬಿಡು ಎಂದು ತಟ್ಟಿದರು, ನಾನು ಕೈ ಕೊಡವಿಕೊಂಡೆ. ಸಂಜೆ ಹೊತ್ತಿಗೆ ಕೋಪ ಇಳಿಯಿತು, ಭಯ ಹತ್ತಿತು. ಆ ಸೀಡಿ ಯಾವ ಮನೆಯಲ್ಲಿದೆಯೋ, ಎಷ್ಟು ಮಂದಿ ಅದರ ಮೇಲೆ ತಮ್ಮ ಸಂಸಾರವನ್ನೆಲ್ಲ ಸುರಿದಿದ್ದಾರೋ. ಎಷ್ಟು ಸಲ ಹಾಕಿದರೆ ಒಂದು ದನಿ ಮುಳುಗಿಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮರುದಿನ ನಾನೂ ವಿನುತಾಳೂ ಕೊಟ್ರಪ್ಪನ ಅಂಗಡಿಗೆ ಹೋದೆವು. ಅವನಿಗೆ ಆ ಸೀಡಿ ಚೆನ್ನಾಗಿ ನೆನಪಿತ್ತು. ಸಂಸಾರದ ಗೂಡಿನಲ್ಲಿ ಇಟ್ಟ ವಾರವೇ ಹೋಯಿತಂತೆ. ಕೊಂಡವಳ ಹೆಸರು ಗೊತ್ತಿಲ್ಲ, ಕೈಯಲ್ಲಿ ಮೊಟ್ಟೆಯ ಟ್ರೇ ಹಿಡಿದಿದ್ದಳು, ಎಲ್ಲಕ್ಕಿಂತ ಅಗ್ಗದ್ದು ಯಾವುದಿದೆ ಕೊಡಿ ಎಂದು ಕೇಳಿದ್ದಳು, ಅಕ್ಕಿ ಗಿರಣಿಯ ಹಿಂದಿನ ಬೀದಿಗಳ ಕಡೆಗೆ ಹೋದಳು ಎಂದ. ಅಲ್ಲಿ ಮನೆಗಳು ಜೇನುಗೂಡಿನ ಕಣ್ಣುಗಳಷ್ಟಿವೆ. ಹಾಗಾದರೆ ನಡೀ, ಸಂಜೆ ಹೊತ್ತು ಆ ಬೀದಿಗಳಲ್ಲಿ ನಡೆದುಕೊಂಡು ಹೋಗೋಣ, ನೀನು ನನಗೆ ದಾರಿ ತೋರಿಸು, ಕೇಳಿಸಿಕೊಳ್ಳುವುದು ನನಗೆ ಬಿಡು ಎಂದು ವಿನುತಾಳಿಗೆ ಹೇಳಿದೆ.

ದಿನಾ ಸಂಜೆ ಹೋದೆವು. ಅವಳು ಒಂದು ದಿನವೂ ಬೇಸರಿಸಲಿಲ್ಲ, ಚರಂಡಿ ಬಂದರೆ ಚರಂಡಿ, ಕಲ್ಲು ಬಂದರೆ ಕಲ್ಲು ಎಂದು ಹೇಳುತ್ತ ನನ್ನ ಮೊಣಕೈ ಹಿಡಿದು ನಡೆಸಿದಳು. ಆ ಬೀದಿಗಳಲ್ಲಿ ಕಿಟಕಿಗಳು ತೆರೆದೇ ಇರುತ್ತವೆ. ಒಂದು ಮನೆಯಲ್ಲಿ ಫೈಟಿಂಗು, ಅದರ ಮೇಲೆ ಆ ಸೀಡಿಯನ್ನು ಹಿಂದೆ ನೋಡಿದ ಯಾವುದೋ ಮನೆಯ ಮಗುವಿನ ಅಳು. ಇನ್ನೊಂದರಲ್ಲಿ ಪ್ರೇಮದ ಹಾಡು, ಅದರ ಮಧ್ಯೆ ಯಾರೋ ಗ್ಯಾಸ್ ಆಫ್ ಮಾಡಿದ್ಯಾ ಎಂದು ಕೇಳುವುದು. ಎಷ್ಟೋ ಮನೆಗಳಲ್ಲಿ ಏನೂ ಇಲ್ಲ, ಎಲ್ಲರೂ ಫೋನು ಹಿಡಿದು ಕಿವಿಗೆ ಸಿಕ್ಕಿಸಿಕೊಂಡಿದ್ದಾರೆ ಎಂದು ವಿನುತಾ ಹೇಳುತ್ತಿದ್ದಳು. ಇನ್ನು ಸಾಕು ಎಂದು ನನಗೇ ಅನಿಸತೊಡಗಿದ ಸಂಜೆ, ಒಂದು ತಿರುವಿನಲ್ಲಿ ನನ್ನ ಕಾಲುಗಳು ನಿಂತುಬಿಟ್ಟವು.

"ದೋಣಿ ದಡಕ್ಕೆ ಬಂತು ಪಂಕಿ. ಅವಳು ಇಳಿದ್ಲು. ಕನಕಾಂಬರ ಬಣ್ಣದ ಸೀರೆ, ಒಗೆದೂ ಒಗೆದೂ ತೆಳ್ಳಗಾಗಿದೆ. ಸೆರಗು ಮಾತ್ರ ಇನ್ನೂ ಗಟ್ಟಿಯಾಗಿದೆ ನೋಡು."

ಗುರುತಿಲ್ಲದವರ ಕಿಟಕಿಯಿಂದ ನನ್ನ ಗಂಡ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಬೀದಿಯಲ್ಲೇ ವಿನುತಾಳ ಭುಜಕ್ಕೆ ಒರಗಿ ನಿಂತೆ. ಎಷ್ಟು ಹೊತ್ತಿನ ಮೇಲೋ ನನಗೆ ಇನ್ನೊಂದು ವಿಷಯ ಹೊಳೆಯಿತು. ಆ ದನಿಯ ಮೇಲೆ ಬೇರೆ ಯಾರ ದನಿಯೂ ಇರಲಿಲ್ಲ. ಒಂದು ಕೆಮ್ಮಿಲ್ಲ, ಪಾತ್ರೆಯ ಸದ್ದಿಲ್ಲ. ಮನೆಯಲ್ಲಿ ಯಾರೂ ಇಲ್ಲವೇನೋ ಎಂದುಕೊಂಡೆ. ಕಿಟಕಿಯಲ್ಲಿ ಇಣುಕಿದ ವಿನುತಾ, ಮನೆ ತುಂಬ ಮಕ್ಕಳಿದ್ದಾರೆ ಅತ್ತೆ, ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾರೆ ಎಂದು ಪಿಸುಗುಟ್ಟಿದಳು.

ಬಾಗಿಲು ತಟ್ಟಿದೆವು. ಮೊದಲು ಸಿನಿಮಾ ನಿಂತಿತು, ಆಮೇಲೆ ಮಕ್ಕಳ ಗಲಾಟೆ ಒಮ್ಮೆಲೇ ಕಟ್ಟೆಯೊಡೆದ ಹಾಗೆ ಎದ್ದಿತು, ಆಮೇಲೆ ಬಾಗಿಲು ತೆರೆಯಿತು. ಮೊಟ್ಟೆ ಅಂಗಡಿ ಇಟ್ಟವಳಂತೆ, ಹೆಸರು ಜುಲೇಖಾ. ನಾನು ಬಂದ ಕಾರಣವನ್ನು ಹೇಳಲು ಬಾಯಿ ತೆರೆದೆ, ಅರ್ಧಕ್ಕೇ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಪಂಕಿ ಅಂದ್ರೆ ನೀವೇನಾ ಅಮ್ಮ?"

ನಾನೇ ಎಂದೆ. ಮಕ್ಕಳು ಹತ್ತಿರ ಬಂದು ನನ್ನ ಸೀರೆ ಮುಟ್ಟಿ ನೋಡಿದರು. ಜುಲೇಖಾ ಚಾಪೆ ಹಾಸಿ ಕೂರಿಸಿದಳು, ಚಹಾ ಕೊಟ್ಟಳು. ಇವರ ದನಿ ಹೋದ ಸಂಗತಿಯನ್ನು ಹೇಳಿದೆ. ಅವಳು ತನ್ನ ಕಡೆಯದನ್ನು ಹೇಳಿದಳು. ಮಾತು ಕೂತ ಸೀಡಿ ಅಗ್ಗ ಎಂದು ತಂದಿದ್ದಳಂತೆ. ಹಾಕಿದ ಕೂಡಲೇ, ಇಲ್ಲಿ ಯಾರೋ ಕಣ್ಣಿಲ್ಲದವರಿಗೆ ಯಾರೋ ಪ್ರೀತಿಯಿಂದ ಹೇಳುತ್ತಿದ್ದಾರೆ ಎಂದು ಗೊತ್ತಾಯಿತಂತೆ. ಇನ್ನೊಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಎಂದು ಮಕ್ಕಳಿಗೆ ಹೇಳಿದಳಂತೆ. ಅವತ್ತಿನಿಂದ ಆ ಸೀಡಿ ಹಾಕಿದಾಗಲೆಲ್ಲ ಮನೆಯಲ್ಲಿ ಉಸಿರೂ ಬಿಗಿಹಿಡಿದು ಕೂರುತ್ತಾರಂತೆ. ಬೇರೆ ಸೀಡಿಗೆ ಆ ಮರ್ಯಾದೆ ಇಲ್ಲವಂತೆ.

ನಾನು ಸೀಡಿಯನ್ನು ಕೇಳುವ ಮೊದಲೇ ಅವಳು ಅದನ್ನು ತೆಗೆದು ನನ್ನ ಕೈಗಿಟ್ಟಳು. ದುಡ್ಡು ಕೊಡಲು ಹೋದರೆ ವಿನುತಾಳ ಕೈಯನ್ನು ಹಿಂದಕ್ಕೆ ತಳ್ಳಿದಳು. ಮಕ್ಕಳು ತಾತ ಇನ್ನು ಬರಲ್ವಾ ಎಂದು ರಾಗ ತೆಗೆದರು. ಹೊರಡುವಾಗ ಬಾಗಿಲ ಬಳಿ ಜುಲೇಖಾ ತಡೆದಳು, ದನಿ ಸಣ್ಣದಾಗಿತ್ತು.

"ಒಂದು ಕಡೆ ನಾನು ಮಾತಾಡ್ಬಿಟ್ಟಿದೀನಿ ಅಮ್ಮ. ತಡ್ಕೊಳಕ್ಕಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಪರವಾಗಿಲ್ಲ ಬಿಡಮ್ಮ ಎಂದೆನಾದರೂ ದಾರಿಯುದ್ದಕ್ಕೂ ನನ್ನ ಜೀವ ಹೊಯ್ದಾಡಿತು. ಎಲ್ಲಿ ಮಾತಾಡಿದ್ದಾಳೋ, ಇವರ ಯಾವ ಮಾತಿನ ಮೇಲೆ ಬಿದ್ದಿದೆಯೋ. ಹೀಗೆಲ್ಲ ಯೋಚಿಸುವುದು ಉಪಕಾರ ಮಾಡಿದವಳಿಗೆ ದ್ರೋಹ ಎಂದು ಗೊತ್ತಿದ್ದೂ ಯೋಚಿಸಿದೆ.

ಮನೆಗೆ ಬಂದವಳೇ ಸೀಡಿ ಹಾಕಿಸಿದೆ. ಇವರು ನನ್ನ ಪಕ್ಕದಲ್ಲಿ ಕೂತರು. ವಿನುತಾ ಬಳೆ ಸದ್ದು ಮಾಡುತ್ತವೆಂದು ತೆಗೆದಿಟ್ಟು ಬಂದು ಕೂತಳು. ಇವರ ದನಿ ಬಂತು. ಹೊಳೆಯ ನೀರು ಗಿಣಿ ಹಸಿರು ಅಂದರು, ಸಂತೆಗೆ ಬಂದ ಹೆಂಗಸರಲ್ಲಿ ಒಬ್ಬಳೂ ಅಂಚಿಗೆ ಹೊಂದುವ ಕುಪ್ಪಸ ಹಾಕಿಲ್ಲ ಎಂದು ಗೊಣಗಿದರು, ಸಾಹುಕಾರನ ಪಂಚೆ ನಕಲಿ ಜರಿ ಎಂದು ತೀರ್ಪು ಕೊಟ್ಟರು. ನಗು ಬಂದರೂ ನಾನು ಸೆರಗು ಬಾಯಿಗೆ ಒತ್ತಿ ತಡೆದುಕೊಂಡೆ. ತಮ್ಮ ದನಿಯನ್ನು ತಾವೇ ಕೇಳುತ್ತ ಇವರು ನನ್ನ ಅಂಗೈಯಲ್ಲಿ ಬೆರಳಾಡಿಸುತ್ತಿದ್ದರು. ಒಂದು ಮಾತೂ ಕಳೆದುಹೋಗಿರಲಿಲ್ಲ. ಸಿನಿಮಾ ಮುಗಿಯಲು ಬಂದರೂ ಜುಲೇಖಾಳ ದನಿ ಎಲ್ಲೂ ಬರಲಿಲ್ಲ.

ಕೊನೆಯಲ್ಲಿ ಹೊಳೆಗೆ ಕಟ್ಟಿದ ಹೊಸ ಸೇತುವೆ ಬರುತ್ತದೆ, ಅದರ ಮೇಲೆ ಅವಳ ಗಂಡ ನಡೆದು ಬರುತ್ತಾನೆ. ಅಲ್ಲಿ ಮಾತಿಲ್ಲ, ಹಾಡಿಲ್ಲ, ನೀರಿನ ಸದ್ದೊಂದೇ. ಆ ಜಾಗದಲ್ಲಿ ಇವರು ಸುಮ್ಮನಾದರು. ಆಮೇಲೆ ಸೀಡಿಯೊಳಗಿಂದ ನನ್ನದೇ ಹಳೆಯ ದನಿ ಬಂತು, ಏನಾಯ್ತು ರೀ, ಏನ್ ಮಾಡ್ತಿದಾರೆ ಅವರು, ಎಂದು. ನಾನು ಹಾಗೆ ಕೇಳಿದ್ದೇ ನನಗೆ ಮರೆತುಹೋಗಿತ್ತು. ಇವರು ಮೂಗೆಳೆದುಕೊಂಡು, ಏನಿಲ್ಲ ಕಣೆ, ಎಂದರು. ಮತ್ತೆ ನೀರಿನ ಸದ್ದು. ಆಗ, ಪಕ್ಕದಲ್ಲಿ ಮಲಗಿದ ಮಗು ಏಳದ ಹಾಗೆ ಮಾತಾಡುವ ದನಿಯಲ್ಲಿ ಜುಲೇಖಾ ಹೇಳಿದಳು.

"ಅಮ್ಮಾ, ನೀವ್ಯಾರೋ ನಂಗೊತ್ತಿಲ್ಲ. ಕೇಳಿದ್ರಲ್ಲ, ಅದಕ್ಕೆ ಹೇಳ್ತಿದೀನಿ. ಇಲ್ಲಿ ಏನೂ ನಡೀತಿಲ್ಲ. ಅವಳು ಗಂಡನ ಮುಖ ನೋಡ್ತಾ ನಿಂತಿದಾಳೆ. ಅವನೂ ಅವಳ ಮುಖ ನೋಡ್ತಿದಾನೆ. ಇಬ್ಬರೂ ಕಣ್ಣೇ ತೆಗೀತಿಲ್ಲ. ಅಷ್ಟೇ ಅಮ್ಮ."

ಲೋಕದ ಬಣ್ಣವನ್ನೆಲ್ಲ ನನಗೆ ಹೇಳಿದವರಿಗೆ ಇದೊಂದನ್ನು ಹೇಳಲು ಬಾಯಿ ಬಂದಿರಲಿಲ್ಲ. ಒಂದು ಸಲಕ್ಕೇ ಸಾಕು ಎಂದು ಎದ್ದು ಹೋಗುತ್ತಿದ್ದದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ನನ್ನ ಅಂಗೈಯಲ್ಲಿದ್ದ ಇವರ ಬೆರಳು ನಿಂತುಹೋಗಿತ್ತು. ಕೈ ಎತ್ತಿ ಇವರ ಮುಖ ಹುಡುಕಿದೆ. ಇವರು ಸಂಕೋಚದಿಂದ ತಿರುಗಿಕೊಳ್ಳಲು ಹೋದರು. ಕೆನ್ನೆ ಒದ್ದೆಯಾಗಿತ್ತು, ಹುಬ್ಬು ಮೊದಲಿಗಿಂತ ಪೊದೆಯಾಗಿತ್ತು, ಗಂಟಲ ಬಳಿ ಹೊಸ ಗಾಯದ ಗೆರೆಯಿತ್ತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಾಡಿಸಿದೆ.

"ಅಲ್ಲಾಡಬೇಡಿ," ಎಂದೆ. "ನೋಡ್ತಾ ಇದೀನಿ."

ಸೀಡಿ ಇನ್ನೂ ಓಡುತ್ತಿತ್ತು, ನನ್ನ ಮಾತು ಅದರಲ್ಲಿ ಕೂರುತ್ತದೆಂದು ಗೊತ್ತಿತ್ತು. ಕೂರಲಿ ಎಂದೇ ಜೋರಾಗಿ ಇನ್ನೊಂದು ಮಾತು ಸೇರಿಸಿದೆ, ಜುಲೇಖಾ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ, ಎಂದು. ಮನೆ ತನಕ ಹೋಗಿ ಹೇಳಬಹುದಿತ್ತು. ಆದರೆ ಅವಳು ನನಗೆ ಎಲ್ಲಿ ಹೇಳಿದ್ದಳೋ ಅಲ್ಲೇ ನಾನೂ ಅವಳಿಗೆ ಹೇಳಬೇಕೆನಿಸಿತು. ಮರುದಿನ ಬೆಳಿಗ್ಗೆ ವಿನುತಾಳ ಕೈಯಲ್ಲಿ ಸೀಡಿಯನ್ನು ಒಂದು ದಿನದ ಮಟ್ಟಿಗೆ ಅವರ ಮನೆಗೆ ಕಳಿಸಿದೆ, ಮಕ್ಕಳನ್ನೆಲ್ಲ ಕೂರಿಸಿಕೊಂಡು ಕೊನೆಯವರೆಗೂ ಕೇಳಬೇಕಂತೆ ಎಂದು ಹೇಳು ಎಂದೆ.